ಸ್ಕ್ಯಾನ್ ರೂಮಿನ ಬಾಗಿಲಾಚೆ ನಾನು ನಿಂತ ದಿನ

ಆರು ವರ್ಷದ ಹಿಂದಿನ ಮಾತು. ಆಗ ನಾನು ಸಿದ್ಧಾರ್ಥನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಆಯಾ. ಓದಿದ್ದು ನಾಲ್ಕನೇ ಕ್ಲಾಸು, ಸ್ಕ್ಯಾನ್ ರೂಮಿನಲ್ಲಿ ಕಳೆದದ್ದು ಇಪ್ಪತ್ತೆರಡು ವರ್ಷ. ಹೆಂಗಸರನ್ನು ಮಂಚ ಹತ್ತಿಸುವುದು, ಬೆಡ್‌ಶೀಟ್ ಹೊದಿಸುವುದು, ಹೊಟ್ಟೆಗೆ ಹಚ್ಚಿದ ಜೆಲ್ ಒರೆಸುವುದು, ನೋವು ಎಂದವರ ಕೈ ಹಿಡಿದು "ಒಸಿ ತಡ್ಕೊ ಕಣಮ್ಮ, ಆಗೋಯ್ತು" ಎನ್ನುವುದು ನನ್ನ ಕೆಲಸ. ಗಾಬರಿಯಲ್ಲಿ ಬಾಯಿ ಬಿಡದವರ ಪರವಾಗಿ ಡಾಕ್ಟರಿಗೆ ಉತ್ತರವನ್ನೂ ನಾನೇ ಹೇಳುತ್ತಿದ್ದೆ. ಅದು ಯಾರೂ ಕೊಟ್ಟ ಕೆಲಸವಲ್ಲ, ನಾನೇ ತೆಗೆದುಕೊಂಡದ್ದು.

ಒಂದು ದಿನ ಮಂಚ ಹತ್ತಿದವಳು ನನ್ನ ಮಗಳು ಸ್ಟೆಲ್ಲಾ. ಕೆಸರೆಯಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವಳ ಮನೆ, ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಗುವಿಗಾಗಿ ಹಂಬಲಿಸುತ್ತಿದ್ದಳು. ಮುಟ್ಟಾದರೆ ಎಂಟು ದಿನ ರಕ್ತ ನಿಲ್ಲುತ್ತಿರಲಿಲ್ಲ. ಬೇರೆ ಕಡೆ ಮಾಡಿಸಿದ ಸ್ಕ್ಯಾನಿನಲ್ಲಿ ಗರ್ಭಕೋಶದ ಗೋಡೆಯಲ್ಲಿ ನಾಲ್ಕು ಸೆಂಟಿಮೀಟರಿನ ಫೈಬ್ರಾಯ್ಡ್, ಅಂದರೆ ಗಡ್ಡೆ, ಇದೆ ಎಂದು ಬರೆದಿದ್ದರು. ಅದನ್ನು ತೆಗೆಯಲು ಆಪರೇಷನ್ನಿನ ದಿನವೂ ಗೊತ್ತಾಗಿತ್ತು. ಅದಕ್ಕೆ ಮುಂಚೆ ಸರ್ಜನ್ ಇನ್ನೊಂದು ಸ್ಕ್ಯಾನ್ ಕೇಳಿದರು. ನಮ್ಮಲ್ಲೇ ಮಾಡಿಸಿದರಾಯಿತು ಎಂದು ನಾನೇ ಕರೆದುಕೊಂಡು ಹೊರಟೆ.

"ಎಷ್ಟು ಜನರ ಗಡ್ಡೆ ನೋಡಿಲ್ಲ ನಾನು? ತೆಗೆದ್ಬುಟ್ರೆ ಮುಗೀತು," ಎಂದು ಬಸ್ಸಿನಲ್ಲಿ ಧೈರ್ಯ ಬೇರೆ ಹೇಳಿದೆ.

ನಮ್ಮ ಡಾಕ್ಟರ್ ಮೇಡಂ ಮೊದಲು ಹೊಟ್ಟೆಯ ಮೇಲಿಂದ ನೋಡಿದರು, ಆಮೇಲೆ ಒಳಗಿನಿಂದ. ಒಂದು ಕಡೆ ಮೆತ್ತಗೆ ಒತ್ತಿ, "ಇಲ್ಲಿ ನೋಯುತ್ತಾ?" ಎಂದರು.

"ಏನಿಲ್ಲ ಮೇಡಂ, ಹೆದರ್ಕೊಂಡವ್ಳೆ ಅಷ್ಟೇ," ಎಂದೆ ನಾನು.

"ಮುಟ್ಟಿನ ನೋವು ಹೇಗಿರುತ್ತೆ?"

"ಎಲ್ಲಾರ್ಗೂ ಇರೋದೇ ಮೇಡಂ."

ಮೇಡಂ ಪರದೆಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದರು. "ಫಿಲೋಮಿನಮ್ಮ, ಹೊಟ್ಟೆ ನಿಮ್ಮದಾ, ಅವಳದಾ? ಸ್ವಲ್ಪ ಆಚೆ ಇರಿ."

ಅಷ್ಟು ವರ್ಷದಲ್ಲಿ ಆ ಬಾಗಿಲು ನನ್ನ ಮುಖಕ್ಕೆ ಮುಚ್ಚಿದ್ದು ಅದೇ ಮೊದಲು. ಬೆಂಚಿನ ಮೇಲಿದ್ದ ಹೆಂಗಸೊಬ್ಬಳು, "ಒಳಗೆ ಯಾಕ್ರೀ ಇಷ್ಟೊತ್ತು?" ಎಂದು ಕೇಳಿದಳು. "ನಂಗೂ ಗೊತ್ತಿಲ್ಲ ಕಣಮ್ಮ," ಎಂದೆ. ಹತ್ತು ನಿಮಿಷವಾಗಿರಬಹುದು. ಕೊರಳಿನ ಜಪಸರ ಹಿಡಿದುಕೊಂಡೇ ನಿಂತಿದ್ದೆ.

ಒಳಗೆ ಕರೆದಾಗ ಸ್ಟೆಲ್ಲಾಳ ಕಣ್ಣು ಒದ್ದೆಯಾಗಿತ್ತು. ಮುಟ್ಟಿನ ದಿನಗಳಲ್ಲಿ ಎರಡು ಮಾತ್ರೆ ನುಂಗಿ ಕಾರ್ಖಾನೆ ಬಸ್ಸು ಹತ್ತುತ್ತಿದ್ದಳಂತೆ. ನೋವು ತಡೆಯಲಾರದೆ ಅಲ್ಲಿನ ಟಾಯ್ಲೆಟ್ಟಿನ ನೆಲದ ಮೇಲೆ ಕೂತುಬಿಡುತ್ತಿದ್ದಳಂತೆ.

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ದೆ ಕಣಮ್ಮ. ನೀನೇ ತಡ್ಕೊ ಅಂದೆ."

ಬೆಡ್‌ಶೀಟನ್ನು ಅವಳ ಪಾದದವರೆಗೂ ಎಳೆದು ಹೊದಿಸಿದೆ. ಮೇಡಂ ಪರದೆಯನ್ನು ನನ್ನ ಕಡೆ ತಿರುಗಿಸಿ ವಿವರಿಸಿದರು. ಫೈಬ್ರಾಯ್ಡ್ ಆದರೆ ಸುತ್ತ ಅಂಚು ಕಾಣುತ್ತದೆ, ರಕ್ತನಾಳಗಳು ಅಂಚನ್ನು ಬಳಸಿಕೊಂಡು ಹೋಗುತ್ತವೆ. ಇಲ್ಲಿ ಅಂಚೇ ಇಲ್ಲ. ಒಂದು ಕಡೆಯ ಗೋಡೆ ದಪ್ಪವಾಗಿದೆ, ನಾಳಗಳು ಅದರ ನಡುವೆಯೇ ಹಾದುಹೋಗಿವೆ. ಗರ್ಭಕೋಶದ ಒಳಪದರ ಗೋಡೆಯ ಮಾಂಸದೊಳಕ್ಕೇ ಬೆಳೆದುಕೊಂಡಂತಿದೆ. ಅದಕ್ಕೆ ಅಡಿನೋಮಯೋಸಿಸ್ ಎನ್ನುತ್ತಾರೆ. ನೋವು ಫೈಬ್ರಾಯ್ಡಿನಲ್ಲೂ ಬರಬಹುದು, ಕೆಲವರಿಗೆ ಎರಡೂ ಇರುತ್ತವೆ. "ಆದ್ರೆ ಒತ್ತಿದ ಜಾಗದಲ್ಲೇ ಪ್ರಾಣ ಹೋಗುತ್ತೆ ಅಂದಳು ನೋಡಿ, ಅದಕ್ಕೇ ಮತ್ತೆ ಮತ್ತೆ ನೋಡಿದೆ," ಎಂದರು.

ನಾನು ಅರ್ಥ ಮಾಡಿಕೊಂಡದ್ದು ಹೀಗೆ. ರಾಗಿ ಮುದ್ದೆಯಲ್ಲಿ ಹಿಟ್ಟಿನ ಗಂಟು ಸಿಕ್ಕರೆ ಬಿಡಿಸಿ ಪಕ್ಕಕ್ಕಿಡಬಹುದು. ಮುದ್ದೆಗೆ ಉಪ್ಪು ಹೆಚ್ಚಾಗಿದ್ದರೆ ಎಲ್ಲಿಂದ ಬಿಡಿಸುತ್ತೀರಿ? ಗಡ್ಡೆಯೆಂದು ತಿಳಿದು ಆಪರೇಷನ್ ಮಾಡಿದ್ದರೆ ಬಿಡಿಸಲು ಅಂಚು ಸಿಗದೆ, ರಕ್ತ ಹೆಚ್ಚು ಹೋಗಿ, ಗರ್ಭಕೋಶವನ್ನೇ ಕಳೆದುಕೊಳ್ಳುವ ಅಪಾಯವೂ ಇತ್ತಂತೆ.

ಎಂಆರ್‌ಐ ಮಾಡಿಸಿದಾಗಲೂ ಮೇಡಂ ಹೇಳಿದ್ದೇ ಬಂತು. ಆಪರೇಷನ್ ನಿಂತಿತು. ಸರ್ಜನ್ ಕಳಿಸಿಕೊಟ್ಟ ಹೆಂಗಸರ ಡಾಕ್ಟರು ಕೆಲವು ತಿಂಗಳು ಇಂಜೆಕ್ಷನ್ ಕೊಟ್ಟು, ಆಮೇಲೆ ಮಗುವಿಗೆ ಪ್ರಯತ್ನಿಸಿ ಎಂದರು. ಎಲ್ಲರಿಗೂ ಆಗುತ್ತದೆಂದು ಭರವಸೆ ಕೊಡಲಾರೆ ಎಂದೂ ಹೇಳಿದರು. ನನ್ನ ಮಗಳಿಗೆ ಎರಡು ವರ್ಷ ಕಾದ ಮೇಲೆ ಆಯಿತು.

ಅಲ್ಲಿಯವರೆಗೂ ನಾನು ಕೆಲಸದಲ್ಲಿದ್ದೆ. ಮಂಚದ ಮೇಲಿನವರ ಕೈ ಮೊದಲಿನಂತೆಯೇ ಹಿಡಿಯುತ್ತಿದ್ದೆ, ಆದರೆ ಬಾಯಿ ಮುಚ್ಚಿಕೊಂಡು. "ಎಲ್ಲಿ ನೋವು, ಎಷ್ಟು ನೋವು, ಮೇಡಂಗೆ ನೀನೇ ಹೇಳಮ್ಮ," ಎನ್ನುವುದಷ್ಟೇ ನನ್ನ ಮಾತು. ನೋವು ಅನುಭವಿಸುವವರೇ ಅದನ್ನು ಹೇಳಬೇಕು. ಇಪ್ಪತ್ತೆರಡು ವರ್ಷದಲ್ಲಿ ಕಲಿಯದ ಈ ಪಾಠವನ್ನು ಹತ್ತು ನಿಮಿಷ ಬಾಗಿಲಾಚೆ ನಿಂತು ಕಲಿತೆ.

ಈಗ ಕೆಲಸ ಬಿಟ್ಟು ಮೊಮ್ಮಗಳು ರೀಟಾಳನ್ನು ನೋಡಿಕೊಳ್ಳುತ್ತಿದ್ದೇನೆ. ಅವಳಿಗೀಗ ಮೂರು ವರ್ಷ. ಅವಳ ನಗು, ಹಟ, ಓಟ ಎಲ್ಲ ಬರೆಯಲು ಕೂತರೆ ಪೇಪರ್ ಸಾಲದು. ಮೊನ್ನೆ ಜಗಲಿಯಿಂದ ಜಾರಿ ಬಿದ್ದು ಅಳತೊಡಗಿದಳು. "ಏನಿಲ್ಲ, ಏನಿಲ್ಲ" ಎನ್ನಲು ಹೊರಟವಳು ನುಂಗಿಕೊಂಡು, "ಎಲ್ಲಿ ನೋವು ಚಿನ್ನಾ?" ಎಂದು ಕೇಳಿದೆ. ಅಳು ನಿಲ್ಲಿಸಿ ಯೋಚಿಸಿದಳು. ತನ್ನ ಮಂಡಿ ತೋರಿಸಿದಳು, ಮೊಣಕೈ ತೋರಿಸಿದಳು, ಮೂಗು ತೋರಿಸಿದಳು, ಕೊನೆಗೆ ನನ್ನ ಮಂಡಿಯನ್ನೂ ತೋರಿಸಿದಳು.

ಒಂದನ್ನೂ ಬಿಡದೆ ಎಲ್ಲದಕ್ಕೂ ಊದಿದೆ.