ಕೆಂಪು ಜೋಳದ ಉಡಿ

ತವರೂರು ಮಸೂತಿಯಿಂದ ತಮ್ಮ ಹೊಸ ಜೋಳ ಕಳಿಸಿದ್ದ. ರಾಶಿ ಮುಗಿದ ಮೇಲೆ ಪ್ರತಿವರ್ಷ ಒಂದು ಚೀಲ ಇಂಡಿಯ ನಮ್ಮ ಮನೆಗೆ ಬರುತ್ತದೆ. ಪಡಸಾಲೆಯಲ್ಲಿ ಕೂತು ಚೀಲದ ಬಾಯಿ ಬಿಚ್ಚಿದೆ ನೋಡಿ, ಆ ವಾಸನೆ... ಬಿಸಿಲು, ಹೊಟ್ಟು, ಕಣದ ಮಣ್ಣು ಎಲ್ಲ ಕೂಡಿದ್ದು. ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿದೆ. ಕೈಯಲ್ಲಿದ್ದದ್ದು ಬಿಳಿಜೋಳ, ಕಣ್ಣಿಗೆ ಕಂಡದ್ದು ಕೆಂಪು ಜೋಳ. ಅದನ್ನು ಬೊಗಸೆಯಲ್ಲಿ ತುಂಬಿಕೊಂಡು ನಿಂತ, ಬಿರುಕು ಬಿಟ್ಟ ದಪ್ಪ ಕೈಗಳೂ ಕಂಡವು.

ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ನಮ್ಮ ಕಡೆಯ ಫ್ಯಾಕ್ಟರಿ ಮಂದಿಗೆ ಆಫ್ರಿಕಾ ಹೊಸದೇನಲ್ಲ, ಒಬ್ಬ ಹೋದರೆ ಅವನ ಹಿಂದೆ ನಾಲ್ಕು ಮಂದಿ ಹೋಗುತ್ತಾರೆ. ಹಾಗೆ ಇವರೂ ಯುಗಾಂಡಾಕ್ಕೆ ಹೊರಟರು, ಬೆನ್ನಿಗೆ ನಾನೂ ಹೊರಟೆ. ಆದರೆ ಕ್ವಾರ್ಟರ್ಸಿನಲ್ಲಿ ಇಡೀ ದಿನ ಗೋಡೆ ನೋಡುತ್ತ ಕೂಡುವುದು ನನ್ನಿಂದ ಆಗಲಿಲ್ಲ. ಸಿಂದಗಿಯಲ್ಲಿ ಬಾಲವಾಡಿ ನಡೆಸಿದವಳು ನಾನು. ಮಕ್ಕಳ ಗದ್ದಲ ಕಿವಿಗೆ ಬೀಳದಿದ್ದರೆ ಊಟ ಸೇರುತ್ತಿರಲಿಲ್ಲ. ಕಬ್ಬಿನ ಹೊಲಗಳ ಆಚೆ ಒಂದು ಮಕ್ಕಳ ಮನೆ ಇದೆ, ಅಪ್ಪ ಅವ್ವ ಇಲ್ಲದ ಮಕ್ಕಳನ್ನು ಅಲ್ಲಿ ಸಾಕುತ್ತಾರೆ ಎಂದು ಗೊತ್ತಾಯಿತು. ಹೋಗಿ ಕೇಳಿದೆ. ಸಂಬಳ ಇಲ್ಲ, ಮನಸ್ಸಿದ್ದರೆ ಬನ್ನಿ ಎಂದರು. ಮರುದಿನದಿಂದಲೇ ಹೋಗತೊಡಗಿದೆ.

ಆ ಮನೆಯನ್ನು ನಡೆಸುತ್ತಿದ್ದ ಹೆಂಗಸನ್ನು ಮಕ್ಕಳೆಲ್ಲ 'ಮಾಮಾ' ಎಂದು ಕರೆಯುತ್ತಿದ್ದವು. ಅಲ್ಲಿ ಹಾಗೆಂದರೆ ತಾಯಿ. ನಮ್ಮಲ್ಲಿ ಮಾಮಾ ಎಂದರೆ ಅವ್ವನ ತಮ್ಮ! ಬಾಗಿಲು ತುಂಬ ನಿಲ್ಲುವಂಥ ಆ ಎತ್ತರದ ಹೆಂಗಸನ್ನು ಮಾಮಾ ಎನ್ನಲು ಹೋದರೆ ನನಗೆ ನಗು ತಡೆಯಲು ಆಗುತ್ತಿರಲಿಲ್ಲ. ಅದಕ್ಕೆ 'ದೊಡ್ಡವ್ವ' ಎಂದು ಕರೆದೆ. ಆಕೆಗೂ ಅದು ಸೇರಿತು. ಮಾತಾಡಲು ಇಬ್ಬರಿಗೂ ಇದ್ದದ್ದು ಮುರುಕು ಇಂಗ್ಲಿಷು. ಆದರೆ ಆಕೆಯೂ ಅಲ್ಲಿಯವರೂ ಆಡಿದ್ದೆಲ್ಲ ನನ್ನ ಕಿವಿಯಲ್ಲಿ ನಮ್ಮ ಊರಿನ ಮಾತಾಗಿಯೇ ಉಳಿದಿದೆ. ಹಾಗೇ ಬರೆಯುತ್ತೇನೆ.

ದೊಡ್ಡವ್ವನ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಸ್ವಂತ ಮಕ್ಕಳಿರಲಿಲ್ಲ. ಮಕ್ಕಳಿಗೆ ಉಣಿಸುವುದು, ತೊಳೆಯುವುದು, ಜ್ವರ ಬಂದರೆ ಪಕ್ಕದಲ್ಲಿ ಕೂಡುವುದು, ಒಂದಕ್ಕೂ ಬೇಸರವಿಲ್ಲ. ಆದರೆ ನಾನು ಯಾವುದಾದರೂ ಕೂಸನ್ನು ಎತ್ತಿಕೊಂಡು ಬಹಳ ಹೊತ್ತು ಮುದ್ದು ಮಾಡಿದರೆ ಆಕೆಗೆ ಸೇರುತ್ತಿರಲಿಲ್ಲ.

"ಇದು ಇವರ ಮನಿ ಅಲ್ಲ. ಅಜ್ಜಿನೋ ಕಾಕಾನೋ ಯಾರರ ಸಿಕ್ಕ ಕೂಡಲೆ ಕಳಸೂದು. ನಮಗ ಹತ್ತಿಕೊಂಡ್ರ ಹೋಗೂವಾಗ ಅವಕ್ಕ ತ್ರಾಸ ಆಗತೈತಿ" ಎನ್ನುತ್ತಿದ್ದಳು.

ಎಂಥ ಕಲ್ಲು ಎದೆಯವಳಪ್ಪಾ ಎಂದುಕೊಂಡೆ.

ಅಲ್ಲಿ ಆರು ವರ್ಷದ ಒಂದು ಹುಡುಗಿ ಇತ್ತು. ಎಳೆಗೂಸಿದ್ದಾಗ ಬಂದದ್ದು, ದೊಡ್ಡವ್ವನ ಮಗ್ಗುಲಲ್ಲೇ ಮಲಗಿ ಬೆಳೆದದ್ದು. ಹುಡುಕಿ ಹುಡುಕಿ ಕೊನೆಗೆ ದೂರದ ಹಳ್ಳಿಯಲ್ಲಿ ಅದರ ಅಜ್ಜಿ ಸಿಕ್ಕಳು. ಕರೆದೊಯ್ಯಲು ಬಂದೂ ಬಿಟ್ಟಳು. ಒಣಕಲು ದೇಹದ ಮುದುಕಿ. ಸತ್ತ ಮಗಳ ಮುಖವನ್ನೇ ಆ ಹುಡುಗಿಯಲ್ಲಿ ಕಂಡು ಗಳಗಳ ಅತ್ತಳು.

ಹುಡುಗಿ ಮಾತ್ರ ದೊಡ್ಡವ್ವನ ಲಂಗ ಹಿಡಿದು ಜೋತು ಬಿತ್ತು. ದೊಡ್ಡವ್ವ ಒಂದು ಕೈ ಬಿಡಿಸಿದರೆ ಅದು ಇನ್ನೊಂದು ಕೈಯಿಂದ ಹಿಡಿಯುತ್ತಿತ್ತು. ಚೀರಿ ಚೀರಿ ದನಿ ಬಿದ್ದುಹೋಯಿತು. ಹೊರಗೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಮುದುಕಿ ಸೋತುಹೋಗಿ, "ಬ್ಯಾಡ ಬಿಡ್ರಿ, ಇಲ್ಲೇ ಇರಲಿ" ಎಂದುಬಿಟ್ಟಳು. ದೊಡ್ಡವ್ವನ ಮುಖ ಬೂದಿಯಾಯಿತು. ರಕ್ತ ಹಂಚಿಕೊಂಡ ಒಂದೇ ಜೀವ ಮನೆ ಬಾಗಿಲಿಗೆ ಬಂದಿತ್ತು. ಈಗ ಬರಿಗೈಯಲ್ಲಿ ಹೋದರೆ ಆ ಮುದುಕಿಗೆ ಮತ್ತೆ ಬರುವ ಶಕ್ತಿ ಎಲ್ಲಿತ್ತು? ಆಮೇಲೆ ಆ ಹುಡುಗಿಗೆ ತನ್ನವರು ಅನ್ನುವವರೇ ಇರುತ್ತಿರಲಿಲ್ಲ.

ನನಗೆ ಏನು ಹೊಳೆಯಿತೋ ಕಾಣೆ. ಅಡುಗೆಮನೆಗೆ ಓಡಿದೆ. ತವರಿನಿಂದ ಹೊರಡುವ ಮಗಳ ಮಡಿಲಿಗೆ ಉಡಿ ತುಂಬಲು ನಮ್ಮಲ್ಲಿ ಅಕ್ಕಿ, ಕೊಬ್ಬರಿ, ಕುಬಸದ ಖಣ ಬೇಕು. ಅಲ್ಲಿ ಏನಿತ್ತು? ಗಂಜಿಗೆ ಇಟ್ಟಿದ್ದ ಕೆಂಪು ಜೋಳದ ಡಬ್ಬಿ, ಅಷ್ಟೇ. ಅದನ್ನೇ ತಂದೆ. ಬಣ್ಣದ ಬಟ್ಟೆಯೊಂದನ್ನು ಹುಡುಗಿಯ ಸೊಂಟಕ್ಕೆ ಕಟ್ಟಿ, ಮುಂದೆ ಜೋಳಿಗೆ ಮಾಡಿ, "ಮನಿ ಮಗಳು ಬರಿ ಉಡೀಲೆ ಹೋಗಬಾರದವ್ವಾ" ಎನ್ನುತ್ತ ಬೊಗಸೆ ಬೊಗಸೆ ಸುರಿದೆ. ಕಾಳು ಪಕ್ಕದಿಂದ ಉದುರತೊಡಗಿದವು.

"ಹಿಡಿ, ಎರಡೂ ಕೈಲೆ ಹಿಡಿ! ಚೆಲ್ಲಬ್ಯಾಡ!"

ಹುಡುಗಿ ಗಾಬರಿಯಿಂದ ಎರಡೂ ಕೈಗಳಲ್ಲಿ ಉಡಿ ಹಿಡಿಯಿತು. ದೊಡ್ಡವ್ವನ ಲಂಗ ಬಿಟ್ಟುಹೋಯಿತು.

ನಮ್ಮ ಕಡೆ ಮಗಳು ಹೊರಡುವಾಗ ಉಡಿಯ ಒಂದು ಹಿಡಿ ಕಾಳನ್ನು ತವರಿನಲ್ಲೇ ಬಿಟ್ಟು ಹೋಗುತ್ತಾಳೆ. ಅದನ್ನೂ ದೊಡ್ಡವ್ವನ ಬಾಯಿಂದ ಹೇಳಿಸಿದೆ. ಹುಡುಗಿ ಬಿಕ್ಕುತ್ತಲೇ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿ, "ನಾ ಬಂದಾಗ ಇದು ಇರತೈತೇನು?" ಎಂದು ಕೇಳಿತು.

"ಇರತೈತಿ" ಎಂದಳು ದೊಡ್ಡವ್ವ.

ಕಾಳು ಚೆಲ್ಲದಂತೆ ನೋಡುತ್ತ, ಒಂದೊಂದೇ ಹೆಜ್ಜೆ ಇಡುತ್ತ, ಹುಡುಗಿ ಅಜ್ಜಿಯ ಹಿಂದೆ ಬಸ್ ಹತ್ತಿತು. ಬಸ್ ಕಣ್ಮರೆಯಾದ ಮೇಲೆ ದೊಡ್ಡವ್ವ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಅತ್ತ ಅಳು ಇದೆಯಲ್ಲ... ಬೇಡ, ಅದನ್ನು ಬರೆಯಲು ಆಗುವುದಿಲ್ಲ.

ಅಂದಿನಿಂದ ಆ ಮನೆ ಬಿಡುವ ಮಕ್ಕಳಿಗೆಲ್ಲ ಉಡಿ. ಗಂಡು ಹುಡುಗರಿಗೂ! ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ತುಂಬುತ್ತೇವೆ ಎಂದರೆ, "ಹುಡುಗರಿಗೆ ಹೊಟ್ಟಿ ಇಲ್ಲೇನು?" ಎಂದು ನನಗೇ ಗದರಿದಳು.

ಒಂದು ಮಧ್ಯಾಹ್ನ ಇಬ್ಬರೂ ಜೋಳ ಹಸನು ಮಾಡುತ್ತ ಕೂತಿದ್ದೆವು. "ನಾ ಹೋಗೂವಾಗ ನನಗ ಯಾರು ತುಂಬತಾರ?" ಎಂದು ನಗುತ್ತ ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗಂಡ ಸತ್ತವರಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ ಎಂದೆ. ನನ್ನ ಅವ್ವನ ವಿಷಯವನ್ನೂ ಹೇಳಿದೆ. ಅಪ್ಪ ಹೋದ ಮೇಲೆ, ಮದುವೆ ಮನೆಗಳಲ್ಲಿ ಉಡಿ ತುಂಬುವ ಹೊತ್ತಿಗೆ ಅವ್ವ ಯಾರೂ ಹೇಳದೆಯೇ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಮುದ್ದೇಬಿಹಾಳದ ತವರಿಗೆ ಹೋದರೂ ಖಾಲಿ ಸೆರಗಿನಲ್ಲೇ ಬರುತ್ತಿದ್ದಳು.

ದೊಡ್ಡವ್ವನ ಕೈ ಮೊರದಲ್ಲೇ ನಿಂತಿತು. "ನಿಮ್ಮವ್ವ ಮಗಳಲ್ಲೇನು?" ಎಂದಳು. ನಾನು ತಲೆ ತಗ್ಗಿಸಿ ಹರಳು ಆರಿಸುತ್ತಿದ್ದೆ.

ಇವರ ಕರಾರು ಮುಗಿದು ನಾವು ಹೊರಟಾಗ ದೊಡ್ಡವ್ವ ನನಗೂ ಉಡಿ ತುಂಬಿದಳು. ಒಂದು ಹಿಡಿ ಡಬ್ಬಿಗೆ ಹಾಕಿ ಬಂದೆ. ಮುಂದೆ ಎಷ್ಟೋ ವರ್ಷ ಹಬ್ಬಕ್ಕೊಮ್ಮೆ ಫೋನು. ಎತ್ತಿದ ಕೂಡಲೇ ಆ ಕಡೆಯಿಂದ "ದೊಡ್ಡವ್ವಾ!" ಎಂದು ತನ್ನ ಹೆಸರನ್ನು ತಾನೇ ಕೂಗುತ್ತಿದ್ದಳು...

ಹೋದ ತಿಂಗಳು ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಮೊದಲ ಉಡಿಯ ಅದೇ ಹುಡುಗಿಯದು. ಈಗ ನರ್ಸಿಂಗ್ ಕಲಿಯುತ್ತಿದ್ದಾಳೆ. "ಮಾಮಾ ಹೋದ್ಲು ಆಂಟಿ. ಸುದ್ದಿ ಮುಟ್ಟಿದವರೆಲ್ಲ ಬಂದಿದ್ವಿ. ಮಣ್ಣಿಗಿಡೂ ಮೊದಲ ಉಡಿ ತುಂಬಿದ್ವಿ. ಹಿಡಕೊಳ್ಳಾಕ ಆಕಿ ಕೈ ಬರಲಿಲ್ಲ. ಅದಕ್ಕ ಬಟ್ಟಿ ಅಂಚು ನಾವ ಹಿಡಿದ್ವಿ. ಆಕಿ ಪಾಲಿನ ಒಂದು ಹಿಡಿ ಡಬ್ಬಿಗೆ ಹಾಕೇವಿ."

ಗಂಡ ಸತ್ತವಳಿಗೆ ತುಂಬಬಾರದು ಎಂದು ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಪುಣ್ಯ. ಅದನ್ನು ಕಲಿಸುವ ಬುದ್ಧಿ ನನಗೂ ಬಂದಿರಲಿಲ್ಲ. ಫೋನು ಎದೆಗೆ ಒತ್ತಿಕೊಂಡು ಬಹಳ ಅತ್ತೆ.

ಇವತ್ತು ಈ ಜೋಳದ ಚೀಲದ ಮುಂದೆ ಕೂತಾಗ, ಎದುರು ಗೋಡೆಗೆ ಒರಗಿ ನನ್ನ ಅವ್ವ ಕೂತಿದ್ದಳು. ತಮ್ಮ ಜೋಳದ ಜೊತೆ ಅವ್ವನನ್ನೂ ನಾಲ್ಕು ದಿನ ಇದ್ದು ಬರಲೆಂದು ಕಳಿಸಿದ್ದ. ನಾನು ಎದ್ದು ಒಂದು ಖಣ, ಒಂದು ಬಟ್ಟಲು ಕೊಬ್ಬರಿ ತಂದೆ. "ಸೆರಗು ಹಿಡಿ ಅವ್ವಾ" ಎಂದೆ. ಆರಿಸಲು ಜೋಳ ಕೊಡುತ್ತೇನೆ ಎಂದುಕೊಂಡು ಹಿಡಿದಳು. ಖಣ ಬಿತ್ತು, ಕೊಬ್ಬರಿ ಬಿತ್ತು, ಮೇಲೆ ಬೊಗಸೆ ಜೋಳ ಬಿತ್ತು. ಆಗ ತಿಳಿಯಿತು ಅವ್ವನಿಗೆ. ಥಟ್ಟನೆ ಹೊರಗೆ ನೋಡಿದಳು.

"ಹುಚ್ಚಿ, ನನಗ್ಯಾಕವಾ ಇದು? ಬಾಗಲಾ ಮುಂದ ಮಾಡು, ಯಾರರ ನೋಡಿದ್ರ ಏನಂದಾರು?"

ನಾನು ಬಾಗಿಲು ಮುಚ್ಚಲಿಲ್ಲ. ಅವ್ವನೂ ಸೆರಗು ಬಿಡಲಿಲ್ಲ. ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಇದನ್ನು ಫೋನ್ ಮಾಡಿ ದೊಡ್ಡವ್ವನಿಗೆ ಹೇಳಬೇಕು ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ, ಆಕೆ ಇಲ್ಲ ಎನ್ನುವುದು ನೆನಪಾಯಿತು...

ಕೊನೆಗೆ ಅವ್ವ ಉಡಿಯಿಂದ ಒಂದು ಹಿಡಿ ತೆಗೆದಳು. "ತವರಾಗ ಈಗ ಯಾರೂ ಉಳಿದಿಲ್ಲಲ್ಲವಾ. ಇದನ್ನ ಎಲ್ಲಿ ಬಿಡ್ಲಿ?" ಎಂದಳು.

ನಾನು ಚೀಲದ ಬಾಯಿ ಅಗಲ ಮಾಡಿ ಹಿಡಿದೆ.