ನಿಂಬೆಹಣ್ಣಿಗೆ ಹೆದರುವ ನೆಲ

ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ನನ್ನ ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಚಹಾ ಹುಡುಕುತ್ತ ಪುಲಿಕೇಶಿನಗರದ ಒಂದು ಹೊಸ ಹೋಟೆಲಿನ ಬಾಗಿಲಿಗೆ ಬಂದೆ. ಒಳಗೆ ನೀರು ನಿಂತಿದೆ ಎಂದುಕೊಂಡು ಪ್ಯಾಂಟು ಮೇಲೆತ್ತಿದೆ.

"ನೀರಲ್ಲ ಸಾರ್, ಕಾಂಕ್ರೀಟು. ಪಾಲಿಶ್ ಮಾಡಿದ್ದೀವಿ," ಎಂದು ಆ ನೆಲ ಹಾಕಿದ ಮೇಸ್ತ್ರಿ ಖಾದರ್ ನಕ್ಕರು. "ಇವತ್ತೇ ಓಪನಿಂಗು. ಚಪ್ಪಲಿ ಬಿಟ್ಟು ಬನ್ನಿ."

ಮರುಕ್ಷಣವೇ ಆ ನಗು ಆರಿತು. ಮಾಲೀಕನ ತಾಯಿ ಒಳಗೆಲ್ಲ ನಿಂಬೆಹಣ್ಣು ನಿವಾಳಿಸಿ, ಹೊಸ್ತಿಲ ಒಳಗೇ ನಿಂತು ಚಾಕು ಎತ್ತಿದ್ದರು.

"ಅಮ್ಮಾ, ಇಲ್ಲಿ ಬೇಡ! ಹುಳಿ ಬಿದ್ರೆ ನೆಲಾನೇ ತಿಂದ್ಬಿಡುತ್ತೆ. ಎಷ್ಟು ಉಜ್ಜಿದ್ರೂ ಕಲೆ ಹೋಗಲ್ಲ. ಹೊರಗೆ ಕುಯ್ರಿ," ಎಂದು ಖಾದರ್ ಕೂಗಿದರು.

"ಒಳಗಿನ ದೃಷ್ಟೀನ ಹೊರಗೆ ಹೋಗಿ ತೆಗೀತಾರೇನಪ್ಪಾ?" ಆಕೆ ಹಣ್ಣಿಗೆ ಚಾಕು ಇಟ್ಟೇಬಿಟ್ಟರು.

ಮಾಲೀಕ ಒಮ್ಮೆ ತಾಯಿಯನ್ನು, ಒಮ್ಮೆ ನೆಲವನ್ನು ನೋಡಿದ.

ಖಾದರ್ ದಡಬಡಿಸಿ ಮೊಣಕಾಲೂರಿ, ಹಣ್ಣಿನ ಕೆಳಗೆ ಬೊಗಸೆಯೊಡ್ಡಿದರು. ಸಿಮೆಂಟು ತಿಂದು ಬಿರುಕುಬಿಟ್ಟ ಅಂಗೈಗಳು. ಹಣ್ಣು ಎರಡು ಹೋಳಾಯಿತು. ಆಕೆ ಕುಂಕುಮ ಹಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಹಿಂಡಿದರು. ಕೆಂಪು ರಸ ಬಿರುಕುಗಳೊಳಗೆ ಇಳಿಯುವುದು ನನಗೇ ಕಾಣುತ್ತಿತ್ತು. ಖಾದರ್ ಹಲ್ಲು ಕಚ್ಚಿ ಹಿಡಿದರು. ಬೊಗಸೆ ಮಾತ್ರ ಅಲುಗಲಿಲ್ಲ. ಹಾಗೆಯೇ ಎದ್ದು, ಒಂದೊಂದೇ ಹೆಜ್ಜೆಯಿಟ್ಟು ಬೀದಿಗೆ ಬಂದು ಮೋರಿಗೆ ಚೆಲ್ಲಿದರು.

"ಉರಿಯಲ್ವೇನ್ರೀ?" ಎಂದೆ.

"ಉರಿಯುತ್ತೆ ಸಾರ್," ಎಂದರು, ಕಣ್ಣು ಇನ್ನೂ ಒಳಗಿನ ನೆಲದ ಮೇಲೆಯೇ. "ಕೈಗೆ ಹೊಸ ಚರ್ಮ ಬರುತ್ತೆ. ನೆಲಕ್ಕೆ ಬರಲ್ಲ."