ಎಡಗಡೆಯಿಂದ ಬರುವ ಚೆಂಡು

ಶುಕ್ರವಾರ ಮಧ್ಯಾಹ್ನ ಕುವೈತಿನ ಫರ್ವಾನಿಯಾದ ಆ ಮೂರನೇ ಮಹಡಿಯ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗ ಇರುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಹಾಗೇ ನಡೆದುಬಂದಿತ್ತು. ಪಕ್ಕದ ರಾಯ್ ಪ್ರದೇಶದ ವರ್ಕ್‌ಶಾಪುಗಳ ಹಿಂದಿನ ಮರಳು ಮೈದಾನದಲ್ಲಿ ಬೆಳಿಗ್ಗೆ ವಾಲಿಬಾಲ್ ಮ್ಯಾಚು, ಮಧ್ಯಾಹ್ನ ಭರಮಣ್ಣನ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ. ಗೆದ್ದರೂ ಊಟ, ಸೋತರೂ ಊಟ. ಮೂರು ತಿಂಗಳ ಹಿಂದೆ ಭರಮಣ್ಣ ಕಂಪನಿ ಬದಲಿಸಿದ. ಕಂಪನಿ ಬದಲಾದರೆ ಟೀಮೂ ಬದಲಾಗಬೇಕು, ಅಲ್ಲಿನ ಪದ್ಧತಿ ಅದು. ಇನ್ನು ಹಳೇ ಟೀಮಿನ ಜನ ಈ ಮನೆಗೆ ಬರಲಿಕ್ಕಿಲ್ಲ ಎಂದು ನೀಲವ್ವ ಅಂದುಕೊಂಡಿದ್ದಳು. ಅವರು ಬಂದರು. ಬಂದು, ಅವನದೇ ಮನೆಯಲ್ಲಿ ಅವನದೇ ಚಾಪೆಯ ಮೇಲೆ ಕೂತು, ಅವನ ಆಟ ಯಾಕೆ ಕೆಟ್ಟಿತು ಎಂದು ವಾದ ಮಾಡಿದರು.

ನೀಲವ್ವ ಭರಮಣ್ಣನ ಅಕ್ಕ. ಅತ್ತೆಯೂ ಹೌದು. ಎಂಟು ಮಕ್ಕಳಲ್ಲಿ ಮೊದಲನೆಯವಳು ಇವಳು, ಕೊನೆಯವನು ಅವನು. ತಾಯಿ ಸತ್ತಾಗ ಅವನಿಗೆ ಮೂರು ವರ್ಷ; ಮಗಳು ಕಾಂಚನಾಳನ್ನು ಸಾಕುವ ಮೊದಲೇ ತಮ್ಮನನ್ನು ಸಾಕಿದ್ದಳು, ಆಮೇಲೆ ಮಗಳನ್ನು ಅವನಿಗೇ ಕೊಟ್ಟಿದ್ದಳು. ಗಂಡ ತೀರಿಕೊಂಡ ವರ್ಷ ಕಾಂಚನಾ ತಾಯಿಯನ್ನು ಕುವೈತಿಗೆ ಕರೆಸಿಕೊಂಡಳು. ಅಂದಿನಿಂದ ಈ ಅಡುಗೆಮನೆ ನೀಲವ್ವನದು. ಕಿಟಕಿಯ ಆಚೆ ವಿಮಾನಗಳು ಇಳಿಯುವ ಸದ್ದು, ಈಚೆ ರೊಟ್ಟಿ ಬಡಿಯುವ ಸದ್ದು.

ಆ ದಿನ ಆಕಾಶ ಬೆಳಿಗ್ಗೆಯಿಂದಲೇ ಹಳದಿಯಾಗಿತ್ತು. ಕಿಟಕಿಯ ಸಂದಿಗೆ ಹಳೇ ಟವೆಲ್ಲು ತುರುಕಿದ್ದರೂ ಹಿಟ್ಟಿನ ಡಬ್ಬಿಯ ಮೇಲೆ ಸಣ್ಣ ಧೂಳು ಕೂತಿತ್ತು. ಭರಮಣ್ಣ ಹೊಸ ಟೀಮಿನ ಜೊತೆ ಆಡಿ ಸೋತು, ಮ್ಯಾನೇಜರ್ ಹತ್ತಿರ ಮಾತಿದೆ ಎಂದು ಹಿಂದೆ ಉಳಿದಿದ್ದ. ಹೊರಗಿನ ಕೋಣೆಯಲ್ಲಿ ಏಸಿ ರಿಪೇರಿಯ ಸಿದ್ದಲಿಂಗೇಶನ ಗಂಟಲೇ ಎಲ್ಲರಿಗಿಂತ ದೊಡ್ಡದು.

"ವಯಸ್ಸಾತ ಮಾರಾಯ. ನಲವತ್ನಾಕು. ಆ ಹೊಸಾ ಟೀಮಿನ ಹುಡುಗೋರ ಕೂಡ ಓಡಾಕ ಆಗಾಂಗಿಲ್ಲ. ಖಲಾಸ್ ಅವನ ಆಟ."

"ಏನಪ್ಪಾ ವಯಸ್ಸು ಅಂತೀಯಾ?" ಎಂದವನು ಪುಟ್ಟಯ್ಯ. ಮಂಡ್ಯ ಕಡೆಯವನು, ಬ್ಯಾಂಕಿನಲ್ಲಿ ಗುಮಾಸ್ತ, ಒಂದು ದಿನವೂ ಚೆಂಡು ಮುಟ್ಟಿದವನಲ್ಲ. ಆದರೆ ಪ್ರತಿ ಪಾಯಿಂಟನ್ನೂ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದ. "ಡಿಸೆಂಬರ್ ಫೈನಲ್ಲಲ್ಲಿ ಕಣ್ಮುಚ್ಕೊಂಡು ಎತ್ತಿದಂಗೆ ಎತ್ತಿದ ಬಾಲ್ನ. ಮೂರೇ ತಿಂಗಳಿಗೆ ಮುದುಕ ಆಗ್ಬುಟ್ನಾ?"

"ಹಂಗಾರ ಆ ಹುಡುಗೋರು ಅವನ್ನ ತಿಳ್ಕೊಂಡಿಲ್ಲ. ಲಿಫ್ಟರ್ ಅಂದ್ರ ಸುಮ್ನ ಅಲ್ಲ. ಎಲ್ಲಾ ಬಾಲ್ ಅವನ ಕೈಗೇ ಬರಬೇಕು, ಅವನ ಕೈಯಿಂದಾನ ಹೋಗಬೇಕು. ಇಡೀ ಟೀಮಿಗೆ ಅವಾಂದೇ ತಲಿ."

"ತಲೆ ಸರಿಯಾಗೇ ಇದೆ ಕಣಯ್ಯಾ. ಇಲ್ನೋಡು." ನೋಟುಬುಕ್ಕಿನ ಹಾಳೆ ಸರಿದ ಸದ್ದು. "ಎದುರಿಂದ ಬಂದ ಬಾಲ್ ಇಪ್ಪತ್ತೆರಡು, ಅದರಲ್ಲಿ ಇಪ್ಪತ್ತು ಪಸಂದಾಗಿ ಎತ್ತವ್ನೆ. ಅವನ ಎಡಗಡೆಯಿಂದ ಬಂದಿದ್ದು ಹದಿನಾರು. ಅದರಲ್ಲಿ ಹನ್ನೆರಡು ಬಿಟ್ಟವ್ನೆ. ಎರಡು ಸಲ ಬಾಲ್ ಬಂದು ಭುಜಕ್ಕೇ ಬಡೀತು, ಆಮೇಲೆ ತಿರುಗಿ ನೋಡ್ದ. ಹೋದ ವಾರವೂ ಹಿಂಗೇ. ವಯಸ್ಸಾದ್ರೆ ಬರೀ ಎಡಕ್ಕೇ ಆಗುತ್ತಾ?"

ಸಿದ್ದಲಿಂಗೇಶ ನಕ್ಕ. "ಎಡಕ್ಕ ಯಾವಾಕಿ ನಿಂತಿದ್ಲೋ, ಆ ಕಡೆ ನೋಡಬಾರದಂತ ಕಾಂಚನಕ್ಕ ಆಣಿ ಹಾಕ್ಸ್ಯಾಳೇನ?"

ಎಲ್ಲರೂ ನಕ್ಕರು. ನೀಲವ್ವನ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

ಮೂವತ್ನಾಲ್ಕು ವರ್ಷದ ಹಿಂದಿನದು ಅವಳ ಕಣ್ಣಿಗೆ ನಿನ್ನೆಯದರ ಹಾಗೆ ಬಂತು. ಭರಮಾಗೆ ಹತ್ತು ವರ್ಷ. ಹಸಿರು ಚಡ್ಡಿ, ಅದರ ಒಂದು ಗುಂಡಿ ಬಿಳಿ, ಒಂದು ಕಪ್ಪು. ಚಿಣ್ಣಿದಾಂಡು ಆಡುವಾಗ ಚಿಣ್ಣಿ ಹಾರಿಬಂದು ಎಡಗಣ್ಣಿಗೆ ಬಡಿದಿತ್ತು. ಬಾಗಲಕೋಟೆಯ ಡಾಕ್ಟರ ಹತ್ತಿರ ಹೋಗಲು ಬಸ್ಸಿತ್ತು. ಮರುದಿನ ಹೋಗೋಣ ಎಂದವಳು ನೀಲವ್ವ. ಸೊಪ್ಪಿನ ಔಷಧಿ ಕೊಡುವ ಮುದುಕಿಯೊಬ್ಬಳು ಓಣಿಯಲ್ಲೇ ಇದ್ದಳು. ಮೂರು ದಿನ ಮುಂಜಾನೆ, ಸೊಪ್ಪಿಗೆ ಮೆಣಸು ಅರೆದು ಕಣ್ಣಿಗೆ ಹಿಂಡಿದ ರಸ. ಹುಡುಗ ಒದ್ದಾಡಿದ. ಅವನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದದ್ದು ನೀಲವ್ವನ ಇದೇ ಕೈ. ನಾಲ್ಕನೆಯ ದಿನ ಕೆಂಪು ಇಳಿಯಿತು, ಕಣ್ಣು ನೋಡಲು ಚೆನ್ನಾಗಿಯೇ ಕಂಡಿತು. "ಅಕ್ಕಾ, ಈ ಕಡೆ ಕತ್ತಲಿ ಐತಿ" ಎಂದ ಹುಡುಗ. "ಯಾರ ಮುಂದೂ ಹೇಳಬ್ಯಾಡ" ಎಂದಿದ್ದಳು ಅವಳು. "ಹೇಳಿದ್ರ ನಿನಗ ಕೆಲಸಾ ಕೊಡಾಂಗಿಲ್ಲ, ಹೆಣ್ಣೂ ಕೊಡಾಂಗಿಲ್ಲ."

ಅವನು ಹೇಳಲಿಲ್ಲ. ಅಕ್ಕ ಹೇಳಿದ್ದನ್ನು ಮೀರುವವನಲ್ಲ. ಮುಂದೆ ಅವಳೇ ತನ್ನ ಹೆಣ್ಣು ಕೊಟ್ಟಳು. ಕಾಂಚನಾಳಿಗೆ ಗೊತ್ತಿಲ್ಲವೋ, ಗೊತ್ತಿಲ್ಲದ ಹಾಗೆ ಇದ್ದಾಳೋ, ತಾಯಿ ಮಗಳು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಆ ಮಾತು ಆಡಿರಲಿಲ್ಲ. ಅಷ್ಟು ಚೆಂದ ವಾಲಿಬಾಲ್ ಆಡುವವನಿಗೆ ಕಣ್ಣಿನದೇನು ತೊಂದರೆ ಎಂದು ನೀಲವ್ವ ತನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬಂದಿದ್ದಳು.

ಆದರೆ ಭರಮಣ್ಣ ಹೊಟ್ಟೆಗೆ ದುಡಿಯುತ್ತಿದ್ದುದು ಚೆಂಡಿನಿಂದಲ್ಲ. ಅವನು ಕ್ರೇನ್ ಓಡಿಸುವವನು.

ನೀರು ಕೇಳುವ ನೆಪದಲ್ಲಿ ಒಳಗೆ ಬಂದ ಗುರುಸಿದ್ದ. ವಾದ ಮಾಡದೆ ಮೂಲೆಯಲ್ಲಿ ಕೂತಿದ್ದವನು ಅವನೊಬ್ಬನೇ. ಹಳೇ ಟೀಮಿನಲ್ಲಿ ಭರಮಣ್ಣನ ಪಕ್ಕದ ಆಟಗಾರ. ಹಳೇ ಕಂಪನಿಯಲ್ಲಿ ಭರಮಣ್ಣನ ಕ್ರೇನಿಗೆ ಕೆಳಗೆ ನಿಂತು ಕೈ ಸನ್ನೆ ತೋರಿಸುವವನು. ಸುಟ್ಟ ರೊಟ್ಟಿಯನ್ನು ನೋಡಿ, ಗ್ಯಾಸು ಸಣ್ಣ ಮಾಡಿದ.

"ನಿನಗ ಗೊತ್ತೈತಿ" ಎಂದಳು ನೀಲವ್ವ.

ಅವನು ಬಾಗಿಲ ಕಡೆ ನೋಡಿದ. "ಹನ್ನೊಂದ ವರ್ಷ ಅವನ ಎಡಕ್ಕ ನಾನಽ ನಿಂತೀನ್ರಿ ಅಕ್ಕಾರ. ಆಟದಾಗ ಬಾಲ್ ಬರೂವಾಗ 'ಹಾಂ' ಅಂತಿದ್ದೆ. ಅಷ್ಟಽ. ಅವ ಎತ್ತತಿದ್ದ. ಕ್ರೇನಿನಾಗೂ ಹಂಗಽ. ಅವ ನನಗೇನೂ ಹೇಳಿಲ್ಲ. ನಾನೂ ಕೇಳಿಲ್ಲ."

"ಲೈಸೆನ್ಸಿಗೆ ಕಣ್ಣು ನೋಡತಾರಲ್ಲ?"

"ನಾ ಮುಂದ ಹೋಗಿ ಅಕ್ಷರದ ಸಾಲು ಬಾಯಿಪಾಠ ಮಾಡ್ಕೊಂಡ ಬಂದು ಹೇಳಿಕೊಟ್ಟೆ." ಗುರುಸಿದ್ದ ಗ್ಲಾಸಿನ ನೀರು ಕುಡಿಯದೆ ಹಿಡಿದುಕೊಂಡಿದ್ದ. "ಒಳ್ಳೇದು ಮಾಡಾಕತ್ತೀನಿ ಅನ್ಕೊಂಡಿದ್ದೆ."

"ಈಗ ಅಲ್ಲಿ ಅವನ ಎಡಕ್ಕ ಯಾರ ನಿಂತಾರ?"

ಗುರುಸಿದ್ದ ಗ್ಲಾಸನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋದ.

ಭರಮಣ್ಣ ಬಂದಾಗ ಹೊರಗಿನ ವಾದ ತಟ್ಟನೆ ನಿಂತಿತು. ಎತ್ತರದ ಆಳು, ನಗುಮುಖ. "ಯಾಕ್ರಪಾ, ನನ್ನ ತಿಥಿ ಊಟ ಆತೇನ?" ಎಂದ. ಸಿದ್ದಲಿಂಗೇಶ ಜಾಗ ಕೊಟ್ಟ. ಗುರುಸಿದ್ದ ಎದ್ದು ಅವನ ಎಡಕ್ಕೆ ಹೋಗಿ ಕೂತ, ಎಡಕ್ಕಿದ್ದ ನೀರಿನ ಗ್ಲಾಸನ್ನು ಸುಮ್ಮನೆ ಬಲಕ್ಕೆ ಸರಿಸಿದ. ಹನ್ನೊಂದು ವರ್ಷ ಆ ಗ್ಲಾಸು ಹಾಗೇ ಸರಿದಿರಬೇಕು. ನೀಲವ್ವ ಅದನ್ನು ಅವತ್ತೇ ಮೊದಲು ಕಂಡಳು.

ಮ್ಯಾನೇಜರ್ ಆಟದ ಬಗ್ಗೆ ಏನೂ ಅನ್ನಲಿಲ್ಲವಂತೆ. ಭಾನುವಾರ ಶರ್ಕ್ ಬಡಾವಣೆಯಲ್ಲಿ ದೊಡ್ಡ ಕೆಲಸವಿದೆ, ಹದಿನಾಲ್ಕು ಮಹಡಿಯ ಆಫೀಸಿನ ನೆತ್ತಿಗೆ ಏಸಿಯ ದೊಡ್ಡ ಯಂತ್ರ ಏರಿಸಬೇಕು, ಅದಕ್ಕೆ ಭರಮಣ್ಣನೇ ಆಗಬೇಕು ಎಂದನಂತೆ. "ನಾಕ ಟನ್ನು. ರಸ್ತೆ ಬಂದ್ ಮಾಡಸ್ತಾರ" ಎಂದು ಭರಮಣ್ಣ ಹೆಮ್ಮೆಯಿಂದ ಹೇಳಿದ. ಪುಟ್ಟಯ್ಯ ನೋಟುಬುಕ್ಕನ್ನು ಜೇಬಿಗೆ ಹಾಕಿಕೊಂಡ.

ಶನಿವಾರ ನೀಲವ್ವ ತರಕಾರಿ ತರಲು ಕೆಳಗಿಳಿದಾಗ ಭರಮಣ್ಣನ ಕಾರನ್ನು ಸುತ್ತಿ ಬಂದಳು. ಬಲಗಡೆ ಹೊಸದರ ಹಾಗಿತ್ತು. ಎಡಗಡೆ ಮೂರು ತಗ್ಗು, ಒಂದು ಉದ್ದ ಗೀರು. ಕನ್ನಡಿಗೆ ಕಪ್ಪು ಟೇಪು ಸುತ್ತಿತ್ತು. ಮೂರೂ ತಗ್ಗು ಹೊಸವು, ಗುರುಸಿದ್ದ ಜೊತೆಗಿಲ್ಲದ ಈ ಮೂರು ತಿಂಗಳಿನವು.

ಸಂಜೆ ಕಾಂಚನಾ ಸೂಪರ್‌ಮಾರ್ಕೆಟ್ಟಿನ ಕೆಲಸದಿಂದ ಇನ್ನೂ ಬಂದಿರಲಿಲ್ಲ. ನೀಲವ್ವ ತಮ್ಮನಿಗೆ ಚಹಾ ಕೊಟ್ಟಳು, ಬೇಕೆಂದೇ ಎಡಕ್ಕಿಟ್ಟಳು. ಅವನ ಕೈ ಗಾಳಿಯಲ್ಲಿ ತಡಕಿ, ಕಪ್ಪಿನ ಅಂಚಿಗೆ ಬಡಿದು, ಚಹಾ ಚಾಪೆಯ ಮೇಲೆ ಹರಿಯಿತು. ಇಬ್ಬರೂ ಅದನ್ನು ನೋಡುತ್ತ ಕೂತರು.

"ಭರಮಾ, ನಾಳೆ ಹೋಗಬ್ಯಾಡ. ಕಂಪನಿಯವ್ರಿಗೆ ಹೇಳಿಬಿಡು."

"ಏನ ಹೇಳಲಿ?"

"ನಾ ಹೇಳಬ್ಯಾಡ ಅಂದಿದ್ನಲ್ಲ, ಅದನ್ನ."

ಅವನು ಬಟ್ಟೆ ತಂದು ಚಹಾ ಒರೆಸಿದ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ. "ಹೇಳಿದ ದಿನಽ ಲೈಸೆನ್ಸ್ ಹೋಗತೈತಿ. ಲೈಸೆನ್ಸ್ ಹೋದ್ರ ಇಕಾಮಾ ಹೋಗತೈತಿ, ಈ ದೇಶದಾಗ ಇರಾಕ ಬಿಡಾಂಗಿಲ್ಲ. ನಮ್ಮ ಹುಡುಗಿ ಸಾಕ್ಷಿದು ಹತ್ತನೇ ಇಯತ್ತೆ, ಅಕ್ಕ. ಒಂದ ವರ್ಷ. ಒಂದಽ ವರ್ಷ ತಡಿ."

"ಆಟದಾಗ ಭುಜಕ್ಕ ಬಡೀತಂತ ಬಾಲು."

"ಅದು ಆಟ."

"ಗುರುಸಿದ್ದ ಇಲ್ಲಲ್ಲೋ ಅಲ್ಲಿ."

ಭರಮಣ್ಣ ಎದ್ದ. "ನೀನಽ ಕಲಿಸಿದ್ದು, ಈಗ ನೀನಽ ಬಿಡಸ್ತೀಯೇನ?" ಎಂದ. ದನಿ ಏರಿಸಲಿಲ್ಲ. ಅದೇ ನೀಲವ್ವನ ಎದೆಗೆ ಹೆಚ್ಚು ತಾಗಿತು.

ಭಾನುವಾರ ಅವನು ನಸುಕಿನಲ್ಲೇ ಹೋದ. ಧೂಳು ಇಳಿದಿರಲಿಲ್ಲ, ಎದುರಿನ ಕಟ್ಟಡದ ಕಿಟಕಿಗಳು ಕಾಣುತ್ತಿರಲಿಲ್ಲ. ಕಾಂಚನಾಳೂ ತನ್ನ ಕೆಲಸಕ್ಕೆ ಹೋದಳು. ಶಾಲೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಸಾಕ್ಷಿ ಬೂಟಿಗೆ ದಾರ ಕಟ್ಟುತ್ತಿದ್ದಳು. ಫ್ರಿಜ್ಜಿನ ಬಾಗಿಲ ಮೇಲೆ ಹಳದಿ ಗುರುತಿನ ಒಂದು ಕಾರ್ಡಿತ್ತು. ಹೊಸ ಕಂಪನಿ ಪ್ರತಿ ಕೆಲಸಗಾರನ ಮನೆಗೂ ಕೊಟ್ಟದ್ದು. ಏನಾದರೂ ತೊಂದರೆ ಇದ್ದರೆ ಸೇಫ್ಟಿ ಆಫೀಸರ್ ಆಲಿವ್ ಅವರಿಗೆ ಫೋನು ಮಾಡಿ ಎಂದು ಅದರಲ್ಲಿ ಬರೆದಿದೆ ಅಂತ ಸಾಕ್ಷಿಯೇ ಓದಿ ಹೇಳಿದ್ದಳು. ನೀಲವ್ವ ಅದನ್ನು ಕಿತ್ತು ಮೊಮ್ಮಗಳ ಕೈಗೆ ಕೊಟ್ಟಳು.

"ಈ ನಂಬರಿಗೆ ಫೋನ ಹಚ್ಚು. ನಾ ಅಂದದ್ದನ್ನ ಅವರ ಭಾಷೆದಾಗ ಹೇಳು."

"ವಾಟ್ ಹ್ಯಾಪನ್ಡ್, ಆಯಿ?"

"ನಿಮ್ಮಪ್ಪಗ ಎಡಗಣ್ಣು ಕಾಣೂದಿಲ್ಲ ಅಂತ ಹೇಳು. ಸಣ್ಣಾವಿದ್ದಾಗಿಂದ ಕಾಣೂದಿಲ್ಲ. ಇವತ್ತ ಕ್ರೇನ್ ಹತ್ತಸಬ್ಯಾಡ್ರಿ ಅಂತ ಹೇಳು."

ಸಾಕ್ಷಿ ಬೂಟಿನ ದಾರ ಬಿಟ್ಟಳು. ಅಜ್ಜಿಯ ಮುಖ ನೋಡಿದಳು. "ಈಸ್ ಇಟ್ ಟ್ರೂ?"

"ಖರೇ."

"ದೇ ವಿಲ್ ಸೆಂಡ್ ಅಸ್ ಬ್ಯಾಕ್, ಆಯಿ. ಮೈ ಬೋರ್ಡ್ ಎಕ್ಸಾಮ್ಸ್..."

"ಗೊತ್ತೈತಿ."

"ದೆನ್ ವೈ ಮೀ?"

ನೀಲವ್ವನಿಗೆ ಇಂಗ್ಲಿಷ್ ಬಾರದು, ಅಷ್ಟೇ. ಅಂದು ತಮ್ಮನ ತಲೆ ಹಿಡಿದಾಗ ಕೈ ತನ್ನದಿತ್ತು. ಈಗ ಬಾಯಿ ಈ ಕೂಸಿನದಾಯಿತು. "ಅಲ್ಲಿ ಕೆಳಗ ನಿಂತಾವ್ರಿಗೂ ನಿನ್ನಂಥ ಮಕ್ಕಳು ಅದಾವ" ಎಂದಳು.

ಸಾಕ್ಷಿ ನಂಬರ್ ಒತ್ತಿದಳು. ಎರಡು ವಾಕ್ಯ ಹೇಳಿದಳು. ಆ ಕಡೆಯ ಹೆಂಗಸು ಏನೋ ಕೇಳಿದಳು. "ಎಸ್, ಮೈ ಫಾದರ್" ಎಂದಳು ಸಾಕ್ಷಿ. ಆಮೇಲೆ ಬ್ಯಾಗು ಹಾಕಿಕೊಂಡು, ಒಂದು ಬೂಟಿನ ದಾರ ಕಟ್ಟದೆಯೇ ಮೆಟ್ಟಿಲಿಳಿದು ಹೋದಳು.

ಎಂಟು ಹೊಡೆಯಿತು, ಒಂಬತ್ತಾಯಿತು. ನೀಲವ್ವ ಅಕ್ಕಿ ಆರಿಸುತ್ತ ಕೂತಳು. ಆರಿಸಿದ್ದನ್ನು ಆರಿಸದ್ದರಲ್ಲಿ ಸುರಿದು ಮತ್ತೆ ಆರಿಸಿದಳು. ವಿಮಾನಗಳ ಸದ್ದೂ ಇರಲಿಲ್ಲ, ಧೂಳಿಗೆ ನಿಲ್ಲಿಸಿದ್ದರೇನೋ. ದೂರದಲ್ಲಿ ಆಂಬುಲೆನ್ಸಿನ ಕೂಗು ಕೇಳಿ ಎದ್ದು ನಿಂತಳು. ಅದು ಬೇರೆ ಕಡೆ ಹೋಯಿತು.

ಹನ್ನೊಂದಕ್ಕೆ ಬಾಗಿಲು ತೆರೆಯಿತು. ಭರಮಣ್ಣ ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಕೂತ.

"ನೆಲದಿಂದ ಆಳೆತ್ತರ ಎತ್ತಿದ್ದೆ. ಎಡಕ್ಕ ತಿರುಗಿಸಬೇಕಿತ್ತು. ವೈರ್‌ಲೆಸ್ಸಿನಾಗ ನಿಲ್ಸು ಅಂದ್ರು. ನಿಲ್ಸಿದೆ. ಎಷ್ಟ ಬೆರಳು ಅಂತ ಯಾರೋ ಕೇಳಿದ್ರು. ತಿರುಗಿ ನೋಡಿದೆ. ಆ ಆಲಿವ್ ಮೇಡಂ ಕ್ಯಾಬಿನ್ನಿನ ಎಡಕ್ಕ ನಿಂತು ಕೈ ಎತ್ತಿದ್ಲು. ಬಂದು ಎಷ್ಟೊತ್ತಾಗಿತ್ತೋ. ಆಕಿ ನಿಂತದ್ದಽ ನನಗ ಗೊತ್ತಿರಲಿಲ್ಲ." ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿದ. "ಆಕಿ ಹಿಂದ ಮೂರ ಮಂದಿ ಇದ್ರು. ಹಗ್ಗಾ ಹಿಡಿದಾವ್ರು. ತಿರುಗಿಸಿದ್ರ ಅವರ ಮ್ಯಾಲೇ ಹೋಗತಿತ್ತು. ಅವರೂ ನನಗ ಕಂಡಿರಲಿಲ್ಲ."

"ಸಾಕ್ಷಿ ಕಡಿಂದ ನಾನಽ ಹೇಳಿಸಿದೆ" ಎಂದಳು ನೀಲವ್ವ.

ಅವನು ತಲೆ ಆಡಿಸಿದ. ಅಕ್ಕ ಎನ್ನಲಿಲ್ಲ. ಅಂದೂ ಅನ್ನಲಿಲ್ಲ, ಮರುದಿನವೂ ಅನ್ನಲಿಲ್ಲ. ಕಾಂಚನಾ ವಿಷಯ ಕೇಳಿ ಗೋಡೆ ಕಡೆ ತಿರುಗಿ ಮಲಗಿದಳು, ಏನನ್ನೂ ಕೇಳಲಿಲ್ಲ. ಕೇಳದಿದ್ದುದರಿಂದಲೇ ಮಗಳಿಗೆ ಮೊದಲೇ ಗೊತ್ತಿತ್ತು ಎಂದು ನೀಲವ್ವನಿಗೆ ತಿಳಿಯಿತು.

ಆಫೀಸಿನವರು ಕೂತು ಮಾತಾಡುತ್ತಾರೆ, ಸ್ಟೋರಿನಲ್ಲಿ ಬೇರೆ ಕೆಲಸ ಕೊಡುವುದೋ, ಊರಿಗೆ ಕಳಿಸುವುದೋ ಶುಕ್ರವಾರದೊಳಗೆ ಫೋನು ಮಾಡಿ ಹೇಳುತ್ತೇನೆ ಎಂದಿದ್ದಳಂತೆ ಆಲಿವ್. ಗುರುವಾರದವರೆಗೂ ಫೋನು ಬರಲಿಲ್ಲ.

ಶುಕ್ರವಾರ ಬಂತು. ಭರಮಣ್ಣ ಮೈದಾನಕ್ಕೆ ಹೋಗಲಿಲ್ಲ. ಆದರೂ ಬಾಗಿಲಲ್ಲಿ ಚಪ್ಪಲಿ ತುಂಬಿದವು. ಸಿದ್ದಲಿಂಗೇಶ ಏಸಿ ಕೆಳಗೆ ಕೂತು "ಈ ಏಸಿ ಗ್ಯಾಸ್ ಕಡಿಮಿ ಆಗೇತಿ, ನಾ ತುಂಬಸ್ತೀನಿ ತಗೋ" ಎಂದ, ಬೇರೆ ಮಾತು ಹೊಳೆಯದೆ. ಪುಟ್ಟಯ್ಯ ನೋಟುಬುಕ್ಕು ತಂದಿರಲಿಲ್ಲ. ಗುರುಸಿದ್ದ ತನ್ನ ಜಾಗದಲ್ಲಿ, ಭರಮಣ್ಣನ ಎಡಕ್ಕೆ ಕೂತಿದ್ದ. ನೀಲವ್ವ ರೊಟ್ಟಿ ಬಡಿಸಲು ಬಗ್ಗಿದಳು.

ಆಗ ಚಾಪೆಯ ಮೇಲೆ, ಭರಮಣ್ಣನ ಎಡ ಮೊಣಕಾಲಿನ ಹತ್ತಿರ, ಅವನ ಫೋನು ಬೆಳಗಿತು. ಸದ್ದು ಬಂದ್ ಮಾಡಿಟ್ಟಿದ್ದ. ಬರೀ ಬೆಳಕು. ಓದಲು ಬಾರದ ನೀಲವ್ವನಿಗೂ ಆ ಹಳದಿ ಗುರುತು ಗೊತ್ತಾಯಿತು, ಕಂಪನಿಯ ಕಾರ್ಡಿನ ಮೇಲಿದ್ದದ್ದೇ. ಇಡೀ ಕೋಣೆ ಅದನ್ನು ಕಂಡಿತು. ಭರಮಣ್ಣನೊಬ್ಬ ಪಲ್ಯದ ಕಡೆ ನೋಡುತ್ತ, ರೊಟ್ಟಿ ಮುರಿಯುತ್ತ ಕೂತಿದ್ದ.

ಬೆಳಕು ಒಮ್ಮೆ ಆರಿತು. ಮತ್ತೆ ಹೊತ್ತಿಕೊಂಡಿತು.

ಗುರುಸಿದ್ದ ನೀಲವ್ವನ ಮುಖ ನೋಡಿದ. ಅವಳು ಬೇಡ ಎನ್ನಲಿಲ್ಲ. ಅವನು ಎರಡು ಬೆರಳಿನಿಂದ ಆ ಫೋನನ್ನು ಭರಮಣ್ಣನ ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿ, ಹಳೇ ಅಭ್ಯಾಸದ ಹಾಗೆ "ಹಾಂ" ಎಂದ.